ಯೆಂಗಾಪ್ ಮುಚ್ಚಿದೆ

ನವೆಂಬರ್ 3, ಮಂಗಳವಾರ. ಗೊರೋಕ.

ಎರಡು ಸಲ ಹೋದೆ, ಎರಡು ಸಲವೂ ಇಳಿಯದೆ ವಾಪಸ್ ಬಂದೆ. ವಿಮಾನ ಕಂಪನಿಯ ಪುಸ್ತಕದಲ್ಲಿ "ಯೆಂಗಾಪ್, ಹವಾಮಾನ, ವಾಪಸ್" ಎಂದು ಬರೆದು ಸಹಿ ಹಾಕಿದ್ದೇನೆ. ಅಲ್ಲಿ ಅಷ್ಟಕ್ಕೇ ಜಾಗ. ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಬೆಳಿಗ್ಗೆ ಆರಕ್ಕೆ ತೇಮೆ ರೇಡಿಯೋದಲ್ಲಿ ಬಂದಳು. ಯೆಂಗಾಪಿನಲ್ಲಿ ವಿಮಾನ ಇಳಿಯುವ ಹುಲ್ಲುಪಟ್ಟಿಯ ಪಕ್ಕ, ತಗಡಿನ ಗುಡಿಸಲಲ್ಲಿ ರೇಡಿಯೋ ಇಟ್ಟುಕೊಂಡು, ದಿನಾ ಮೋಡ ಎಷ್ಟು, ಗಾಳಿ ಎತ್ತ, ನೆಲ ಎಷ್ಟು ಒದ್ದೆ ಎಂದು ಹೇಳುವವಳು ಅವಳೇ. ಒಂಬತ್ತು ವರ್ಷದಿಂದ ಅವಳ ಮಾತು ಕೇಳಿ ಅಲ್ಲಿಗೆ ಹಾರುತ್ತಿದ್ದೇನೆ. ಒಂದು ದಿನವೂ ಅವಳ ಮಾತು ತಪ್ಪಿಲ್ಲ. ಇವತ್ತು ಮೋಡದ ಸುದ್ದಿಗೆ ಮೊದಲೇ ಹೇಳಿದಳು.

"ಸುಸಾ, ನನ್ನ ತಂಗಿ ಅಂಬಾಯಿ. ನಿನ್ನೆ ಬೆಳಿಗ್ಗೆಯಿಂದ ನೋವು. ಮಗು ಅಡ್ಡ ಇದೆ. ಕೈ ಹೊರಗೆ ಬಂದಿದೆ."

"ಮೋಡ ಹೇಗಿದೆ?"

"ಅರ್ಧ ಇದೆ. ಏಳುತ್ತೆ, ಇಳಿಯುತ್ತೆ. ನೀನು ಬಾ, ನೋಡು."

7.10ಕ್ಕೆ ಹೊರಟೆ. ಯೆಂಗಾಪಿನ ಕಣಿವೆಗೆ ಒಂದೇ ಬಾಯಿ. ಒಳಹೊಕ್ಕಂತೆ ಇಕ್ಕಟ್ಟಾಗುತ್ತಾ ಹೋಗಿ ಬೆಟ್ಟಕ್ಕೆ ಬಡಿದು ನಿಲ್ಲುತ್ತದೆ. ಬೆಟ್ಟದ ಬುಡದಲ್ಲಿ ಪಟ್ಟಿ, ಮಲಗಿಸಿದ ಏಣಿಯ ಹಾಗೆ ಮೇಲ್ಮುಖವಾಗಿ. ಹತ್ತುತ್ತಾ ಇಳಿಯಬೇಕು, ಜಾರುತ್ತಾ ಏರಬೇಕು. ಎಡಗಡೆ ಜಲಪಾತ ಸಿಕ್ಕಾಗ ಪಟ್ಟಿಯ ತಲೆಯಲ್ಲಿರುವ ಶಾಲೆಯ ಚಾವಣಿ ಕಾಣಲೇಬೇಕು. ಕಾಣದಿದ್ದರೆ ಅಲ್ಲೇ ತಿರುಗಬೇಕು. ಅದರಾಚೆ ವಿಮಾನ ತಿರುಗುವಷ್ಟು ಅಗಲವಿಲ್ಲ. ನನಗೆ ಆ ಪಟ್ಟಿ ಕಲಿಸಿದ ಮುಖ್ಯ ಪೈಲಟ್ ಸಿಯೂನೆ ಮೊದಲ ದಿನ ಹೇಳಿದ್ದು ಇದೊಂದೇ: "ಜಲಪಾತ ದಾಟೋವರೆಗೆ ನೀನು ಪೈಲಟ್. ದಾಟಿದ ಮೇಲೆ ನೀನೂ ಸಾಮಾನೇ."

7.34ಕ್ಕೆ ಜಲಪಾತದ ಬಳಿ ಇದ್ದೆ. ಚಾವಣಿ ಕಾಣಲಿಲ್ಲ. ಪಟ್ಟಿಯ ಕೆಳಗಿನ ಅರ್ಧ ಮಾತ್ರ ಕಾಣುತ್ತಿತ್ತು. ತಿರುಗಿದೆ. ಕಣಿವೆಯ ಬಾಯಲ್ಲಿ ಹನ್ನೆರಡು ನಿಮಿಷ ಸುತ್ತಿ ಮತ್ತೆ ಹೋದೆ. ಅಷ್ಟೂ ಕಾಣಲಿಲ್ಲ. ತಿರುಗಿದೆ. ಮೂರನೆಯ ಸಲಕ್ಕೆ ಇಂಧನ ಸಾಲದು.

ಸಿಯೂನೆ ಹ್ಯಾಂಗರಿನಲ್ಲಿ ಕಾಯುತ್ತಿದ್ದರು. "ಸರಿಯಾಗೇ ಮಾಡಿದ್ದೀಯ" ಎಂದರು. ಮಾಡಿದ್ದು ಸರಿಯೇ. ನಿಯಮ ಇರುವುದು ಇಂಥ ದಿನಕ್ಕೇ, ಒಳ್ಳೆಯ ದಿನಗಳಿಗೆ ನಿಯಮ ಯಾಕೆ ಬೇಕು?

ನಾಳೆ ಮೊದಲ ಬೆಳಕಿಗೇ ಹೋಗುತ್ತೇನೆ.

ನವೆಂಬರ್ 4, ಬುಧವಾರ.

ಆರು ಗಂಟೆ. ತೇಮೆ ಮೊದಲು ಹವಾಮಾನ ಹೇಳಿದಳು. "ಆಕಾಶ ತೆರೆದಿದೆ. ಗಾಳಿ ಇಲ್ಲ. ಪಟ್ಟಿ ಒದ್ದೆ, ಗಟ್ಟಿ ಇದೆ." ಆಮೇಲೆ ಅದೇ ದನಿಯಲ್ಲಿ ಹೇಳಿದಳು: "ಅಂಬಾಯಿ ನಿನ್ನೆ ಸಂಜೆ ಮುಗಿದಳು. ಮಗುವೂ. ಬಿಳಿ ಬಟ್ಟೆ ಬೇಕು, ಅಕ್ಕಿ ಬೇಕು. ಶುಕ್ರವಾರ ತರ್ತೀಯಾ?"

ತರುತ್ತೇನೆ ಎಂದೆ.

ನವೆಂಬರ್ 6, ಶುಕ್ರವಾರ.

ಎಂಟು ಮೂಟೆ ಅಕ್ಕಿ, ಒಂದು ಥಾನು ಬಿಳಿ ಬಟ್ಟೆ. ಜಲಪಾತದಿಂದ ಶಾಲೆಯ ಚಾವಣಿಯ ಮೊಳೆಗಳೂ ಕಾಣುವಷ್ಟು ತಿಳಿಯಾದ ಆಕಾಶ.

ಸಾಮಾನು ಇಳಿಸಿ ಹೊರಟುಬಿಡಬಹುದಿತ್ತು. ಹೋಗಲಾಗಲಿಲ್ಲ. ಅಳುವ ಮನೆಯಲ್ಲಿ ಹೆಂಗಸರು ಮುಖಕ್ಕೆ ಬಿಳಿ ಜೇಡಿ ಬಳಿದುಕೊಂಡು ಕೂತಿದ್ದರು. ನಾನೂ ಕೂತೆ. ನಾನು ಕರಾವಳಿಯ ಮೋಟು ಬುಡಕಟ್ಟಿನವಳು, ಅವರ ಭಾಷೆ ಬಾರದು, ಅಳುವುದಕ್ಕೆ ಭಾಷೆ ಬೇಕಾಗಲಿಲ್ಲ.

ಬಾಗಿಲ ಬಳಿ ತೇಮೆಯ ಅಪ್ಪ ಯಾಲೊ ಕೂತಿದ್ದ. ನನಗೂ ತಿಳಿಯಲಿ ಎಂದೇ ಎಲ್ಲರಿಗೂ ಬರುವ ಪಿಜಿನ್ ಭಾಷೆಯಲ್ಲಿ ಹೇಳಿದ: "ಕಾಸೋವರಿ ಹಕ್ಕಿಗೂ ರೆಕ್ಕೆ ಇರುತ್ತೆ. ನೋಡೋಕೆ ದೊಡ್ಡದೇ, ಹಾರೋಕೆ ಬರಲ್ಲ. ಮೋಡ ಕಂಡ್ರೆ ಮಾತ್ರ ಓಡಿಹೋಗುತ್ತೆ."

"ಅಪ್ಪಾ, ಸಾಕು" ಎಂದಳು ತೇಮೆ.

"ಯಾಕೆ ಸಾಕು? ಹಂದಿ ಸತ್ರೂ ಮೂರು ದಿನ ಮಾತಾಡ್ತೀವಿ. ಇವಳು ನನ್ನ ಮಗಳು."

ತೇಮೆ ನನ್ನನ್ನು ಪಟ್ಟಿಯವರೆಗೆ ಕಳುಹಿಸಿಕೊಡಲು ಬಂದಳು. ದಾರಿಯಲ್ಲಿ ಕೇಳಿದೆ, ಕೇಳಬಾರದಿತ್ತು: ಅವಳಿಗೆ ತುಂಬಾ ನೋವಿತ್ತಾ ಎಂದು.

"ನೋವಲ್ಲಿ ಕಣ್ಣು ಮುಚ್ಚಿದ್ದಳು. ಎಂಜಿನ್ ಸದ್ದು ಕೇಳಿ ಕಣ್ಣು ತೆರೆದಳು. 'ಬಂತು' ಅಂದಳು. ನಾವು ಚಾಪೆ ಸಮೇತ ಎತ್ತಿ ಹೊರಗೆ ತಂದ್ವಿ. ಆಮೇಲೆ ಸದ್ದು ಸಣ್ಣಗಾಯ್ತು. ಮತ್ತೆ ಬಂತು, ಮತ್ತೆ ಸಣ್ಣಗಾಯ್ತು." ಸ್ವಲ್ಪ ಹೊತ್ತು ನಡೆದ ಮೇಲೆ ಹೇಳಿದಳು, "ನೀನು ಹೋದ ಮೇಲೆ ಮೋಡ ಎದ್ದಿತ್ತು, ಸುಸಾ. ಒಂದು ಗೆಣಸು ಬೇಯೋಷ್ಟು ಹೊತ್ತು. ಇದನ್ನ ಹೇಳಬಾರದು ಅಂದ್ಕೊಂಡಿದ್ದೆ. ಬೇರೆ ಯಾರಾದ್ರೂ ಹೇಳ್ತಾರೆ ಅಂತ ನಾನೇ ಹೇಳಿದೆ."

ನವೆಂಬರ್ 17, ಮಂಗಳವಾರ.

ಹನ್ನೊಂದು ದಿನದಲ್ಲಿ ಇಪ್ಪತ್ತಾರು ಇಳಿತ. ಬರೆಯುವಂಥದ್ದು ಏನಿಲ್ಲ. ಕೋಬುಲ್ ಪಟ್ಟಿಯಲ್ಲಿ ಕೊಡಲಿ ಪೆಟ್ಟು ಬಿದ್ದ ಮನುಷ್ಯ, ಮಳೆಯಲ್ಲೇ ಇಳಿದು ಎತ್ತಿಕೊಂಡು ಬಂದೆ. ಕಾಲು ಉಳಿಯಿತಂತೆ. ಮಳೆ ಜೋರೇನೂ ಇರಲಿಲ್ಲ.

ರಾತ್ರಿ ನಿದ್ದೆ ಬಾರದು, ಹಗಲು ಸುಸ್ತು ಬಾರದು. ಅಷ್ಟು ಮಟ್ಟಿಗೆ ಲೆಕ್ಕ ಸರಿಹೋಗಿದೆ.

ನವೆಂಬರ್ 28, ಶನಿವಾರ.

ಯೆಂಗಾಪ್. ಶಾಲೆಯ ಮೇಷ್ಟ್ರು, ಅವರ ಹೆಂಡತಿ, ಎರಡು ಮಕ್ಕಳು, ಸೀಮೆಎಣ್ಣೆ. ಜಲಪಾತದ ಬಳಿ ಚಾವಣಿ ಇನ್ನೂ ಕಂಡಿರಲಿಲ್ಲ. ಸ್ವಲ್ಪ ಮುಂದೆ ಬಲಗಡೆ ಗುಡ್ಡ ಜರಿದ ಕೆಂಪು ಗಾಯ ಇದೆ. ಅಲ್ಲಿಯವರೆಗೆ ಹೋದೆ, ಕಂಡಿತು, ಇಳಿದೆ.

ಇದರ ಬಗ್ಗೆ ಯೋಚಿಸಿದೆ. ಜಲಪಾತವನ್ನು ಗುರುತು ಮಾಡಿದ್ದು ಹಿಂದಿನ ದೊಡ್ಡ ವಿಮಾನಗಳ ಕಾಲದಲ್ಲಿ. ಈ ಒಂಬತ್ತು ಸೀಟಿನ ಒಂಟಿ ಎಂಜಿನ್ನಿನದು ಅದಕ್ಕಿಂತ ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆ. ಕೆಂಪು ಗಾಯದ ಹತ್ತಿರವೂ ತಿರುಗಬಹುದು. ನಿಯಮವನ್ನು ಮುರಿದದ್ದಲ್ಲ, ವಿಮಾನಕ್ಕೆ ಹೊಂದಿಸಿದ್ದು. ಅವತ್ತೂ ಕೆಂಪು ಗಾಯದವರೆಗೆ ಹೋಗಿದ್ದರೆ ಚಾವಣಿ ಕಾಣುತ್ತಿತ್ತೇನೋ.

ಮೇಷ್ಟ್ರ ಹೆಂಡತಿ ಇಳಿದ ಕೂಡಲೇ ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡಳು. ಕೆಲವರಿಗೆ ವಿಮಾನ ಒಗ್ಗುವುದಿಲ್ಲ.

ಡಿಸೆಂಬರ್ 10, ಗುರುವಾರ.

ಯೆಂಗಾಪ್. ತೇಮೆ ಮುಚ್ಚಿದೆ ಎಂದಳು. ನೋಡಿಬರುತ್ತೇನೆ ಎಂದು ಹೋದೆ. ಇಳಿದೆ. ಅಕ್ಕಿ, ಉಪ್ಪು, ಮೀನಿನ ಡಬ್ಬಿ. ತೇಮೆ ಮಾತಾಡಲಿಲ್ಲ, ಕೈಕುಲುಕಲೂ ಇಲ್ಲ. ಹುಷಾರಿರಲಿಲ್ಲವೇನೋ. ವಾಪಸಾಗುವಾಗ ಬಿಸಿಲಿತ್ತು.

ಡಿಸೆಂಬರ್ 11, ಶುಕ್ರವಾರ.

ಬೆಳಿಗ್ಗೆ ಸಾಮಾನು ಹೇರುವಾಗ ಪೈಯಾ ಬಲಗಡೆ ಚಕ್ರದ ಬಳಿ ಕೂತು ಏನೋ ಎಳೆಯುತ್ತಿದ್ದ. ಪೈಯಾ ಇಲ್ಲಿ ಇಪ್ಪತ್ತು ವರ್ಷದಿಂದ ಮೂಟೆ ಹೇರುವವನು. ಎಂಗಾ ಪ್ರಾಂತ್ಯದವನು, ನಾಲಗೆಗೆ ಎಲುಬಿಲ್ಲ.

"ಸುಸಾ, ವಿಮಾನಕ್ಕೆ ಹೊಸದಾಗಿ ಸೊಪ್ಪು ತಿನ್ನೋ ಅಭ್ಯಾಸ ಮಾಡಿಸಿದ್ದೀಯಾ?" ಕೈಯಲ್ಲಿ ಉದ್ದನೆಯ ಹಸಿ ಎಲೆ, ತೊಟ್ಟಿನ ಸಮೇತ.

"ಪಟ್ಟಿಯಲ್ಲಿ ಹುಲ್ಲು ಬೆಳೆದಿದೆ. ಅದೇ ಸಿಕ್ಕಿಕೊಂಡಿರಬೇಕು."

"ಇದು ಹುಲ್ಲಲ್ಲ, ಕರುಕ ಮರದ ಎಲೆ. ಇದರ ಕಾಯಿ ಕೀಳೋಕೆ ನಾನು ಮರ ಹತ್ತಿ ಬಿದ್ದಿದ್ದೀನಿ. ಬೆಟ್ಟದ ನೆತ್ತಿ ಮೇಲೆ ಬೆಳೆಯೋದು. ಮರದ ತುದಿ ಇದು." ಎಲೆಯನ್ನು ತಿರುಗಿಸಿ ನೋಡುತ್ತಾ ನಗಲು ನೋಡಿದ, ನಗು ಬರಲಿಲ್ಲ ಅವನಿಗೆ. "ಕಾಯಿ ಬೇಕಿದ್ರೆ ನನಗೆ ಹೇಳು, ಮಾರುಕಟ್ಟೆಯಲ್ಲಿ ಸಿಗುತ್ತೆ."

ಚಕ್ರ ತೊಳೆದುಬಿಡು ಎಂದೆ. ತೊಳೆದ. ಗಾಳಿಗೆ ಎಲೆ ಎಲ್ಲಿಂದ ಎಲ್ಲಿಗೋ ಹಾರಿಬರುತ್ತವೆ.

ಡಿಸೆಂಬರ್ 23, ಬುಧವಾರ.

ಹಬ್ಬಕ್ಕೆ ಊರಿಗೆ ಹೋಗುವವರ ನೂಕುನುಗ್ಗಲು. ದಿನಕ್ಕೆ ಏಳು, ಎಂಟು ಇಳಿತ. ಬೇರೆ ಇಬ್ಬರು ಪೈಲಟ್‌ಗಳು ಹವಾಮಾನ ಅಂತ ವಾಪಸ್ ಬಂದ ಕಡೆಗೆಲ್ಲ ನಾನು ಹೋದೆ. ಜನ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಒಬ್ಬ ಮುದುಕಿ ನನ್ನ ಕೊರಳಿಗೆ ತಾನು ಹೆಣೆದ ಚೀಲ ಹಾಕಿದಳು. "ನೀನು ಬಿಟ್ಟುಹೋಗೋಳಲ್ಲ" ಎಂದಳು. ಅವಳಿಗೆ ಗೊತ್ತಿಲ್ಲ.

ಅಮ್ಮ ಫೋನಿನಲ್ಲಿ ಊರಿಗೆ ಬಾ ಎಂದಳು. ರಜೆ ಇಲ್ಲ ಎಂದೆ. ರಜೆ ಇತ್ತು.

ಜನವರಿ 6, ಬುಧವಾರ.

ವರ್ಷದ ಪರೀಕ್ಷೆ. ಸಿಯೂನೆ ಪಕ್ಕದ ಸೀಟಿನಲ್ಲಿ ಕೂತರು. ಕಣ್ಣಿಗೆ ಪೊರೆ ಬಂದ ಮೇಲೆ ಅವರೇ ಹಾರಿಸುವುದಿಲ್ಲ, ನೋಡುತ್ತಾರೆ ಅಷ್ಟೆ. ನಾಲ್ಕು ಪಟ್ಟಿಗಳಿಗೆ ಹೋದೆವು. ಯೆಂಗಾಪಿನ ಕಣಿವೆಯಲ್ಲಿ ಜಲಪಾತದ ಬಳಿ ಮೋಡ ಚಾವಣಿಯನ್ನು ಮುಚ್ಚಿತ್ತು. ತಿರುಗಿದೆ, ಒಂದು ಮಾತೂ ಇಲ್ಲದೆ.

"ನಾನು ಹೇಳಿಕೊಟ್ಟ ಹಾಗೇ ಹಾರ್ತೀಯ ನೀನು" ಎಂದರು. "ಬೇರೆಯವರ ಬಗ್ಗೆ ನನಗೆ ಚಿಂತೆ. ನಿನ್ನ ಬಗ್ಗೆ ಇಲ್ಲ."

ಖುಷಿಯಾಯಿತು. ಹಾರುವುದನ್ನು ಮರೆತಿಲ್ಲ ನಾನು.

ಜನವರಿ 21, ಗುರುವಾರ.

ಯೆಂಗಾಪ್ ಹತ್ತು ದಿನದಿಂದ ಮುಚ್ಚಿದೆ. ಮೋಡ ಅಲ್ಲ. ಮೋಡವಾದರೆ ಹೋಗಿ ನೋಡಬಹುದಿತ್ತು. ಹಂದಿಗಳು ಪಟ್ಟಿಯನ್ನು ಅಗೆದಿವೆಯಂತೆ, ಮಳೆಗೆ ನೆಲ ಮೆತ್ತಗಾಗಿದೆಯಂತೆ. "ಚಕ್ರ ಹೂತುಹೋಗುತ್ತೆ, ವಿಮಾನ ಮಗುಚುತ್ತೆ. ಬರಬೇಡ" ಎನ್ನುತ್ತಾಳೆ ತೇಮೆ ದಿನಾ. ಪಟ್ಟಿಯವರೇ ನೆಲ ಸರಿಯಿಲ್ಲ ಎಂದ ಮೇಲೆ ಆಫೀಸು ಕಳಿಸುವುದಿಲ್ಲ.

"ಹಂದಿಗೆ ಬೇಲಿ ಹಾಕಿಸು" ಎಂದೆ.

"ಹಾಕಿಸ್ತೀನಿ."

"ಎಷ್ಟು ದಿನ ಬೇಕು?"

"ಮಳೆಗಾಲ ಕಳೀಲಿ, ಸುಸಾ. ಏಪ್ರಿಲ್‌ವರೆಗೆ."

ಅಲ್ಲಿಯವರೆಗೆ ಅವರು ಉಪ್ಪಿಗೆ ಏನು ಮಾಡುತ್ತಾರೆ?

ಫೆಬ್ರುವರಿ 2, ಮಂಗಳವಾರ.

ಮುಚ್ಚಿದೆ.

ಇವತ್ತು ಬೇರೊಂದು ಕಣಿವೆಯಲ್ಲಿ ಮೋಡದೊಳಗೆ ಎಂಟು ಸೆಕೆಂಡು ಏನೂ ಕಾಣಲಿಲ್ಲ. ಎಣಿಸಿದೆ. ಎಣಿಸುತ್ತಿದ್ದಾಗ ಮನಸ್ಸು ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಪ್ರಾರ್ಥನೆ ಮಾಡುತ್ತಿದ್ದರು. ಆಮೇಲೆ ಪಟ್ಟಿ ಕಂಡಿತು, ಇಳಿದೆ. ಶಾಂತಿ ಹೋಯಿತು.

ಫೆಬ್ರುವರಿ 12, ಶುಕ್ರವಾರ.

ಕೋಬುಲ್. ಯೆಂಗಾಪಿನ ಬೆಟ್ಟದ ಆಚೆ ಮಗ್ಗುಲು, ನಡೆದರೆ ಎರಡು ದಿನ. ಬಾಗಿಲು ತೆರೆದಾಗ ಪಟ್ಟಿಯ ಅಂಚಿನಲ್ಲಿ ಆರು ಜನ ಗಂಡಸರು ಕೂತಿದ್ದರು. ಮುಖಕ್ಕೆ ಜೇಡಿ. ನಡುವೆ ಎರಡು ಗಳಕ್ಕೆ ಕಂಬಳಿ ಕಟ್ಟಿದ ಡೋಲಿ. ಕಂಬಳಿಯ ಮೇಲೆ ನೊಣ.

ಅವರಲ್ಲೊಬ್ಬನ ಗುರುತು ಸಿಕ್ಕಿತು. ಕೇಪೊ, ತೇಮೆಯ ತಮ್ಮ. ನನ್ನನ್ನು ನೋಡಿ ಮುಖ ತಿರುಗಿಸಿದ. ಪಕ್ಕದವನನ್ನು ಕೇಳಿದೆ, ಯಾರು ಎಂದು.

"ಯಾಲೊ. ಎದೆಗೆ ಕಫ ಕಟ್ಟಿತ್ತು, ಉಸಿರು ಬರ್ತಿರಲಿಲ್ಲ. ಇಲ್ಲಿಗಾದ್ರೂ ವಿಮಾನ ಬರುತ್ತಲ್ಲ ಅಂತ ಹೊತ್ಕೊಂಡು ಬಂದ್ವಿ. ನಿನ್ನೆ ಮಧ್ಯಾಹ್ನ ಹೊಳೆ ದಾಟಿದ ಮೇಲೆ ಜೀವ ಹೋಯ್ತು. ಇದೇ ಹತ್ತಿರ ಇತ್ತು, ರಾತ್ರಿ ಇಲ್ಲೇ ಕಳೆದ್ವಿ."

"ನಿಮ್ಮ ಪಟ್ಟಿ ಕೆಸರಾಗಿದೆ ಅಂತ..."

"ಯಾರು ಹೇಳಿದ್ದು? ಹುಡುಗರು ಚೆಂಡಾಡ್ತಾರೆ. ವಾರದಿಂದ ಬಿಸಿಲು." ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ತೇಮೆ ಮೂರು ಸಲ ನಿನ್ನ ಕರೆದಳಲ್ಲ. ನೀನೇ ಅಂದೆಯಂತೆ, ಗೊರೋಕದಲ್ಲಿ ಮೋಡ, ಬರಕ್ಕಾಗಲ್ಲ ಅಂತ."

ಮೂರು ಸಲ. ಎರಡು ದಿನದ ಹಿಂದೆ, ಅವರು ಹೊರಟ ದಿನವೆಲ್ಲ ರೇಡಿಯೋ ನನ್ನ ಕಿವಿಯಲ್ಲಿತ್ತು. ಯೆಂಗಾಪಿನಿಂದ ಬಂದದ್ದು ಬೆಳಿಗ್ಗೆ ಆರರ ಒಂದೇ ಮಾತು, ಮುಚ್ಚಿದೆ ಎಂದು.

ಕೇಪೊ ಎದ್ದು ನಿಂತ. ನಾನು ಕರೆ ಬರಲಿಲ್ಲ ಎಂದು ಹೇಳಬೇಕಿತ್ತು. ಅವರು ಗಳಗಳನ್ನು ಹೆಗಲಿಗೆ ಎತ್ತಿಕೊಂಡು ಬಂದ ದಾರಿಯಲ್ಲೇ ಹೊರಟರು. ಯೆಂಗಾಪಿಗೆ ವಿಮಾನದಲ್ಲಿ ಬಿಟ್ಟುಬರುತ್ತೇನೆ ಎಂದರೂ ಯಾರೂ ತಿರುಗಿ ನೋಡಲಿಲ್ಲ.

ಫೆಬ್ರುವರಿ 13, ಶನಿವಾರ.

ಯಾರಿಗೂ ಹೇಳದೆ ಯೆಂಗಾಪಿಗೆ ಹೋದೆ. ಪುಸ್ತಕದಲ್ಲಿ ಕೋಬುಲ್ ಎಂದು ಬರೆದೆ. ಮೋಡದ ಒಂದು ಚೂರೂ ಇರಲಿಲ್ಲ. ಪಟ್ಟಿ ಒಣಗಿ ಹಳದಿಯಾಗಿತ್ತು, ಬೇಲಿ ನೆಟ್ಟಗಿತ್ತು, ಹಂದಿಯ ಗುರುತೂ ಇಲ್ಲ.

ತೇಮೆ ಗುಡಿಸಲಲ್ಲೇ ಇದ್ದಳು. ಅವಳ ಮುಖದ ಮೇಲೂ ಜೇಡಿ. ಎದುರಿಗಿದ್ದ ಮಗುಚಿಟ್ಟ ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ಕೂತೆ.

"ಅಪ್ಪನ ಹೆಣ ಇನ್ನೂ ದಾರಿಯಲ್ಲಿದೆ" ಎಂದಳು. "ನಾಳೆ ಬರುತ್ತೆ."

"ಸುಳ್ಳು ಹೇಳಿದ್ದೀಯ ತಿಂಗಳಿಂದ."

"ಹೌದು."

"ಯಾಕೆ?"

"ನಿನಗೆ ಗೊತ್ತಿಲ್ವಾ?"

ಗೊತ್ತಿಲ್ಲ ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು, ಹುಡುಗಾಟ ಆಡುತ್ತಿದ್ದೇನೆಯೇ ಎನ್ನುವ ಹಾಗೆ.

"ಹಬ್ಬಕ್ಕೆ ಮುಂಚೆ ಉಪ್ಪು ತಂದೆಯಲ್ಲ, ಅವತ್ತು. ಮುಚ್ಚಿದೆ ಅಂದೆ ನಾನು. ಶಾಲೆ ಮನೆ ಬಾಗಿಲಿಗೆ ಬಂದು ನಿಂತ್ರೂ ಗೋಡೆ ಕಾಣ್ತಿರಲಿಲ್ಲ. ಸದ್ದು ಮಾತ್ರ ಕೇಳ್ತಿತ್ತು. ಎಡಗಡೆ ಬರಬೇಕಾದ ಸದ್ದು ಬಲಗಡೆಯಿಂದ ಬಂತು, ಬೆಟ್ಟದ ಕಡೆಯಿಂದ. ಮರ ಮುರಿದ ಸದ್ದೂ ಕೇಳಿತು. ಮೇಷ್ಟ್ರು ಮಕ್ಕಳನ್ನೆಲ್ಲ ನೆಲಕ್ಕೆ ಮಲಗಿಸಿದರು. ಚಾವಣಿ ಮೇಲಿಂದ ಹೋದೆ ನೀನು, ತಗಡು ನಡುಗ್ತು. ಆಮೇಲೆ ಇಳಿದು ಬಾಗಿಲು ತೆಗೆದು, ಉಪ್ಪು ಎಷ್ಟು ಮೂಟೆ ಅಂತ ಎಣಿಸ್ದೆ. ನಿನ್ನ ಮುಖದಲ್ಲಿ ಏನೂ ಇರಲಿಲ್ಲ. ಸತ್ತೋರ ಮುಖದಲ್ಲಿ ಇರಲ್ವಲ್ಲ, ಹಾಗೆ."

"ನಾನು ಚಾವಣಿ ನೋಡಿದ್ದೆ."

"ನೋಡಿರಲಿಲ್ಲ."

ಬಾಗಿಲಿಂದ ಶಾಲೆಯ ಚಾವಣಿ ಕಾಣುತ್ತಿತ್ತು.

"ತಂಗಿ ಸತ್ತ ದಿನ ನಿನ್ನ ಮನಸಲ್ಲೇ ಶಪಿಸ್ದೆ" ಎಂದಳು. "ಅಪ್ಪ ಬಾಯಲ್ಲಿ ಬೈದ್ರು, ನಾನು ಒಳಗೆ ಬೈದೆ. ಆಮೇಲೆ ನೋಡಿದ್ರೆ ನೀನು ಅವಳ ಹಿಂದೇನೇ ಹೋಗೋಕೆ ದಾರಿ ಹುಡುಕ್ತಿದ್ದೀಯ. ನೀನೊಬ್ಬಳೇ ಆದ್ರೆ ನಿನ್ನಿಷ್ಟ. ನಿನ್ನ ಹಿಂದೆ ಎಂಟು ಜನ ಕೂತಿರ್ತಾರೆ, ಮಡಿಲಲ್ಲಿ ಮಕ್ಕಳು. ಮೋಡ ಅಂದ್ರೆ ನೀನು ಕೇಳಲ್ಲ. ಅದಕ್ಕೆ ಕೆಸರು ಅಂದೆ."

"ಸಿಯೂನೆಗೆ ಹೇಳಬಹುದಿತ್ತು."

"ರೇಡಿಯೋದಲ್ಲಾ? ಹದಿನೆಂಟು ಪಟ್ಟಿಯವರು ಕೇಳ್ತಾರೆ. ನಿನ್ನ ಕೆಲಸ ಹೋಗ್ತಿತ್ತು. ನಮ್ಮಲ್ಲಿಗೆ ಬರೋಳು ನೀನೊಬ್ಬಳೇ."

ಯಾಲೊನ ವಿಷಯ ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ಅಪ್ಪನಿಗೆ ಜಾಸ್ತಿ ಆಗಿದ್ದು ಒಂಬತ್ತು ಗಂಟೆಗೆ. ಆರಕ್ಕೆ ಮುಚ್ಚಿದೆ ಅಂದಿದ್ದೆ. ಒಂಬತ್ತಕ್ಕೆ ತೆರೆದಿದೆ ಅಂತ ಹೇಗೆ ಹೇಳ್ಲಿ? ಮೈಕು ಕೈಗೆ ತಗೊಂಡೆ. ಇಟ್ಟೆ. ಮತ್ತೆ ತಗೊಂಡೆ. ಅವತ್ತು ಬಿಸಿಲಿತ್ತು, ಅವತ್ತು ನೀನು ಬಂದು ಹೋಗ್ತಿದ್ದೆ, ಏನೂ ಆಗ್ತಿರಲಿಲ್ಲ. ಅದು ನನಗೂ ಗೊತ್ತು. ಆದ್ರೆ ನನ್ನ ಸುಳ್ಳು ನಿನಗೆ ತಿಳಿದುಬಿಡ್ತಿತ್ತು. ನಾಳೆಯಿಂದ ಕೆಸರು ಅಂದ್ರೂ ನೀನು ಬರ್ತಿದ್ದೆ. 'ಕರೆದ್ಯಾ?' ಅಂತ ಅಪ್ಪ ಕೇಳಿದ್ರು. ಕರೆದೆ ಅಂದೆ. 'ಏನಂದಳು?' ಅಂದ್ರು. ಮೋಡ ಅಂದಳು ಅಂದೆ." ಜೇಡಿಯ ಮೇಲೆ ಕಣ್ಣೀರು ಇಳಿದರೂ ಅವಳ ದನಿ ಬದಲಾಗಲಿಲ್ಲ, ರೇಡಿಯೋದಲ್ಲಿ ಹೇಳುವ ಹಾಗೇ ಹೇಳುತ್ತಿದ್ದಳು. "ದಾರಿಯುದ್ದಕ್ಕೂ ನಿನ್ನನ್ನ ಬೈತಾ ಹೋದ್ರಂತೆ. ಕಾಸೋವರಿ, ಕಾಸೋವರಿ ಅಂತ. ಕೇಪೊ ಕಳಿಸಿದವನು ಮುಂಚೆ ಬಂದು ಹೇಳಿದ. ಅದೊಂದು ನಿನ್ನ ಹತ್ರ ಕ್ಷಮೆ ಕೇಳಬೇಕು ನಾನು. ಉಳಿದದ್ದಕ್ಕೆ ಯಾರ ಹತ್ರ ಕೇಳೋದೋ ಗೊತ್ತಿಲ್ಲ."

ಹನ್ನೊಂದಕ್ಕೆ ಅವಳು ಹೊರಗೆ ಹೋಗಿ ಬೆಟ್ಟ ನೋಡಿ ಬಂದಳು. "ಹೊರಡು. ಮೋಡ ಕಟ್ತಿದೆ" ಎಂದಳು.

ಹೊರಟೆ.

ಫೆಬ್ರುವರಿ 14, ಭಾನುವಾರ.

ಈ ಪುಸ್ತಕವನ್ನು ಮೊದಲಿಂದ ಓದಿದೆ. ಬರೆದಾಗ ಹೀಗೆ ಕಾಣಿಸಿರಲಿಲ್ಲ. ಡಿಸೆಂಬರ್ ಹತ್ತರಂದು ನಾನು ಬರೆದಿರುವುದು ಐದಾರು ಸಾಲು. ಅವತ್ತು ಏನು ಕಂಡೆ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಬಿಳಿ, ಆಮೇಲೆ ಹುಲ್ಲು. ನಡುವೆ ಏನೂ ಇಲ್ಲ.

ಫೆಬ್ರುವರಿ 15, ಸೋಮವಾರ.

ಸಿಯೂನೆಗೆ ಹೇಳಿದೆ. ಜಲಪಾತ ದಾಟಿ ಹೋದ ದಿನಗಳು, ಬೇರೆ ಪಟ್ಟಿಗಳಲ್ಲಿ ಮಾಡಿದ್ದು, ಕರುಕದ ಎಲೆ, ಎಂಟು ಸೆಕೆಂಡು. ಹನ್ನೊಂದು ದಿನಾಂಕ ಬರೆದುಕೊಟ್ಟೆ. ತೇಮೆಯ ಹೆಸರು ಎತ್ತಲಿಲ್ಲ. ಪಟ್ಟಿ ಕೆಸರಾಗಿತ್ತು ಎಂಬುದು ಆಫೀಸಿನ ಪುಸ್ತಕದಲ್ಲಿ ಹಾಗೇ ಇರಲಿ.

ಅವರು ಕನ್ನಡಕ ತೆಗೆದು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಪರೀಕ್ಷೆ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಚಿಂತೆ ಇಲ್ಲ ಅಂದೆ ನಿನಗೆ."

"ಹೌದು, ಕ್ಯಾಪ್ಟನ್."

"ನೀನು ಇನ್ನು ಹಾರಬಾರದು. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ. ಇನ್ನು ಯಾವತ್ತೂ ಹಾರದೇ ಇರಬಹುದು."

"ಯೆಂಗಾಪ್?"

"ಅಲ್ಲಿ ಇಳಿಯೋಕೆ ತಯಾರಾಗಿರೋದು ನೀನು, ನಾನು. ನನ್ನ ಕಣ್ಣು ಹೋಯ್ತು. ನಿಂದು..." ಮಾತು ನಿಲ್ಲಿಸಿದರು. "ಇನ್ನೊಬ್ಬರನ್ನ ತಯಾರು ಮಾಡೋಕೆ ವರ್ಷ ಬೇಕು. ಇರೋ ಇಬ್ಬರು ಆ ಕಣಿವೆ ಹೆಸರು ಹೇಳಿದ್ರೇ ಬೆವರ್ತಾರೆ. ಮುಚ್ಚಬೇಕು ಅಷ್ಟೆ."

ನಾನು ನಿಜ ಹೇಳಿದ್ದಕ್ಕೆ ಮುಚ್ಚಿತು. ತೇಮೆ ಇಷ್ಟು ದಿನ ಸುಳ್ಳು ಹೇಳಿದ್ದು ಅದು ಪೂರ್ತಿ ಮುಚ್ಚಿಹೋಗದೆ ಇರಲಿ ಎಂದು.

ಪೈಯಾ ಹೊರಗೆ ನಿಂತಿದ್ದ. ಕೈಯಲ್ಲಿದ್ದ ಅಡಿಕೆಯಲ್ಲಿ ಒಂದು ಹೋಳು ಮುರಿದು ಕೊಟ್ಟ.

ಫೆಬ್ರುವರಿ 26, ಶುಕ್ರವಾರ.

ರೇಡಿಯೋ ಮೇಜಿನ ಕೆಲಸ ಕೊಟ್ಟಿದ್ದಾರೆ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು. ಹದಿನೆಂಟು ಪಟ್ಟಿಯವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. ಯೆಂಗಾಪನ್ನು ಕೇಳಬೇಕಾಗಿಲ್ಲ. ತೇಮೆ ಕರೆಯುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.

ಮಾರ್ಚ್ 9, ಮಂಗಳವಾರ.

ಕೇಪೊ ಬಂದ. ಬೆಳಿಗ್ಗೆ ಹತ್ತಕ್ಕೆ, ಆರು ದಿನ ನಡೆದು. ಕಾಲುಗಳು ಮೊಣಕಾಲಿನವರೆಗೆ ಕೆಸರಾಗಿದ್ದವು. ಆಫೀಸಿನವರು ಗಾಬರಿಯಾಗಿ ಪೊಲೀಸರಿಗೆ ಫೋನು ಮಾಡಲು ಹೊರಟಿದ್ದರು. ಕೈಯಲ್ಲಿ ಕತ್ತಿ ಇತ್ತು ನಿಜ, ದಾರಿ ಸವರಿಕೊಂಡು ಬಂದವನ ಕೈಯಲ್ಲಿ ಇನ್ನೇನಿರುತ್ತದೆ? ಕತ್ತಿಯನ್ನು ಅವನೇ ಬಾಗಿಲ ಹೊರಗೆ ಗೋಡೆಗೆ ಒರಗಿಸಿ ಬಂದ. ನನ್ನ ಮೇಜಿನ ಮುಂದೆ ನಿಂತ. ಕೂರು ಎಂದರೂ ಕೂರಲಿಲ್ಲ.

"ಜಗಳಕ್ಕೆ ಬಂದಿಲ್ಲ. ನಿನ್ನ ಬಾಯಿಂದ ಕೇಳೋಕೆ ಬಂದೆ. ನನ್ನ ತಂಗಿ ಸತ್ತ ದಿನ ನಮ್ಮಲ್ಲಿ ಮೋಡ. ನಾನೂ ನೋಡಿದೆ, ಮೋಡ ಇತ್ತು. ಅದನ್ನ ಬಿಟ್ಟುಬಿಡ್ತೀನಿ. ಅಪ್ಪನ ದಿನ ನಮ್ಮಲ್ಲಿ ಬಿಸಿಲು. ನಿಮ್ಮಲ್ಲಿ ಮೋಡ, ಬರಲ್ಲ ಅಂದೆಯಂತೆ. ಹೌದಾ?"

ಆ ದಿನ ಗೊರೋಕದಲ್ಲೂ ಬಿಸಿಲಿತ್ತು. ಅದನ್ನು ಬರೆದಿದ್ದ ಪುಸ್ತಕ ನನ್ನ ಕೈ ಕೆಳಗೇ ಇತ್ತು.

"ಹೌದು" ಎಂದೆ.

"ಎಷ್ಟು ಸಲ ಕರೆದಳು ನಮ್ಮಕ್ಕ?"

"ಮೂರು ಸಲ."

"ಮೂರು ಸಲವೂ ಬರಲ್ಲ ಅಂದೆ."

"ಅಂದೆ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ತಲೆ ತಗ್ಗಿಸಿ ಮೇಜಿನ ಅಂಚನ್ನು ನೋಡುತ್ತಾ ನಿಂತ.

"ಒಂದು ವಿಷಯ ಅರ್ಥ ಆಗಲ್ಲ ನನಗೆ" ಎಂದ. "ಊರಲ್ಲಿ ಎಲ್ಲರೂ ನಿನ್ನ ಹೆಸರು ಹೇಳಿ ಉಗೀತಾರೆ. ಪಟ್ಟಿ ಮುಚ್ಚಿದ್ದೂ ನಿನ್ನಿಂದಲೇ ಅಂತಾರೆ. ಅಕ್ಕ ಒಬ್ಬಳು ಒಂದು ಮಾತು ಆಡೋಕೆ ಬಿಡಲ್ಲ. ಮೊನ್ನೆ ಅಮ್ಮನ ಮೇಲೇ ಕೈ ಎತ್ತಿದಳು. ಯಾಕೆ?"

"ನನಗೆ ಗೊತ್ತಿಲ್ಲ."

ಅವನು ನನ್ನನ್ನು ನಂಬಿದ. ಅದು ಅವನ ಮುಖದಲ್ಲಿ ಕಂಡಿತು. ಮಧ್ಯಾಹ್ನದ ವಿಮಾನದಲ್ಲಿ ಕೋಬುಲ್‌ವರೆಗೆ ಸೀಟು ಕೊಡಿಸುತ್ತೇನೆ ಎಂದೆ. ನಿಮ್ಮದು ಯಾವುದೂ ಬೇಡ ಎಂದ. ಕತ್ತಿ ತೆಗೆದುಕೊಂಡು ಗೇಟು ದಾಟಿ ಮಾರುಕಟ್ಟೆಯ ಕಡೆ ತಿರುಗಿದ.

ಹನ್ನೆರಡಕ್ಕೆ ತೇಮೆ ಬಂದಳು. ಮೋಡ, ಗಾಳಿ, ನೆಲ ಎಲ್ಲ ಹೇಳಿದಳು. ಬರೆದುಕೊಂಡೆ. ಆಮೇಲೆ ಕೇಳಿದಳು:

"ಕೇಪೊ ಬಂದಿದ್ನಾ?"

ಹದಿನೆಂಟು ಪಟ್ಟಿಯವರು ಕೇಳುತ್ತಿದ್ದರು.

"ಬಂದಿದ್ದ. ಕೇಳಿದ. ಹೌದು ಅಂದೆ."

ಅತ್ತ ಕಡೆ ಅವಳು ಮೈಕಿನ ಬಟನ್ ಒತ್ತಿಯೇ ಇಟ್ಟಿದ್ದಳು. ಮಾತಿಲ್ಲ. ಹಿಂದೆ ಯಾರೋ ಸೌದೆ ಒಡೆಯುವ ಸದ್ದು, ಹೆಂಗಸೊಬ್ಬಳು ಯಾರನ್ನೋ ಊಟಕ್ಕೆ ಕರೆಯುವ ಸದ್ದು ಕೇಳುತ್ತಿತ್ತು. ಅವಳು ಬಟನ್ ಬಿಡುವವರೆಗೆ ಬೇರೆ ಯಾರೂ ಮಾತಾಡುವಂತಿರಲಿಲ್ಲ. ಬಹಳ ಹೊತ್ತಿನ ಮೇಲೆ ಬಟನ್ ಬಿಟ್ಟಳು.

ಕೋಬುಲ್‌ನವನು ಕರೆಯುತ್ತಿದ್ದ. ಹೇಳು ಎಂದೆ.